ಯೂರಿಯಾ ವಾಪಸ್

(ಮಂಡ್ಯ ಸೀಮೆಯ ಒಂದು ಹಳ್ಳಿ. ಬೆಳಗಿನ ಹೊತ್ತು, ಹಾಲಿನ ಡೈರಿ. ಸಾಲಿನಲ್ಲಿ ಕ್ಯಾನು ಹಿಡಿದ ನಿಂಗಮ್ಮ. ಹಿಂದೆ ಪುಟ್ಟಸ್ವಾಮಿ.)

ನಿಂಗಮ್ಮ: ಯಾಕ್ಲಾ, ಮೊಕ ಹಿಂಗ್ ಮಾಡ್ಕಂಡಿದ್ದೀಯೆ?

ಪುಟ್ಟಸ್ವಾಮಿ: ಸೀಮೆ ಹಸ ಹಾಲು ಇಳಿಸ್ಬುಡ್ತು ಕಣಕ್ಕ. ನಾನೇನ್ ಕಮ್ಮಿ ಮಾಡಿವ್ನಿ ಹೇಳು? ನೇಪಿಯರ್ ಹುಲ್ಲಿಗೆ ಯೂರಿಯಾ ಸುರ್ದಿದ್ದೂ ಸುರ್ದಿದ್ದೇ. ಮೇಲಿನ ತಾಕು ನೋಡಿದ್ಯಾ?

ನಿಂಗಮ್ಮ: ನೋಡ್ದೆ. ಕಬ್ಬು ಅಂದ್ಕಂಡು ಫ್ಯಾಕ್ಟರಿಯೋರು ಕಟಾವಿಗೆ ಆಳು ಕಳ್ಸಿಯಾರು, ಉಸಾರು.

ಪುಟ್ಟಸ್ವಾಮಿ: ಹೋಗೋರು ಬರೋರೆಲ್ಲ ನಿಂತು ಫೋಟೊ ಹಿಡೀತಾರಕ್ಕ!

ನಿಂಗಮ್ಮ: ಫೋಟೊ ಹಿಡಿಯೋರು ಹಾಲು ಕೊಟ್ಟಾರಾ? ಕುಯ್ದು ಎಷ್ಟ್ ದಿನ ಆಯ್ತು?

ಪುಟ್ಟಸ್ವಾಮಿ: ಮೂರು ತಿಂಗ್ಳು. ಕುಯ್ಯೋಕೆ ಮನ್ಸೇ ಬರ್ನಿಲ್ಲ. ಈಗ ಹಾಕಿದ್ರೆ ಹಸ ಎಲೆ ತಿಂದು ಕಡ್ಡಿ ಬಿಡ್ತದೆ. ನಮ್ಮನೇಳು ಆ ಕಡ್ಡೀನೆಲ್ಲ ನೀರೊಲೆಗೆ ಹಾಕ್ತಾವ್ಳೆ. ಏನ್ ಚೆಂದಾಗಿ ಉರೀತದೆ ಅಂತೀಯಾ!

ನಿಂಗಮ್ಮ: ಒಲೇಲಿ ಚೆಂದಾಗಿ ಉರಿಯೋದು ಹೊಟ್ಟೇಲಿ ಕರಗ್ತದೇನ್ಲಾ? ಅದು 45 ದಿನಕ್ಕೆ ಕುಯ್ಯೋ ಹುಲ್ಲು. ಯೂರಿಯಾ ಕೊಟ್ರೆ ಪ್ರೋಟೀನು ಏರ್ತದೆ, ದಿಟ. ಹಂಗಂತ ಕುಯ್ಯದೆ ಬಿಟ್ರೆ ಕಡ್ಡಿ ಬಲೀತದೆ. ಮರದಲ್ಲಿರೋ ಲಿಗ್ನಿನ್ನು ಅದ್ರಲ್ಲೂ ಸೇರ್ಕತದೆ. ಅದುನ್ನ ಹೊಟ್ಟೆಯೊಳಗಿನ ಹುಳ ಮುಟ್ಟಾಕಿಲ್ಲ. ಎಷ್ಟು ಮೂಟೆ ಸುರಿದ್ರೂ ಅಷ್ಟೇಯ.

ಪುಟ್ಟಸ್ವಾಮಿ: ಹುಳ್ವಾ? ಹೋದ ತಿಂಗ್ಳಷ್ಟೇ ಜಂತುಹುಳದ ಔಷ್ದಿ ಕುಡ್ಸಿವ್ನಲ್ಲಕ್ಕ!

ನಿಂಗಮ್ಮ: ಆ ಹುಳ ಅಲ್ಲ ಕಣೋ. ಕಣ್ಣಿಗೆ ಕಾಣ್ದಿರೋ ಸೂಕ್ಷ್ಮಾಣು. ಹಸದ ದೊಡ್ಡ ಹೊಟ್ಟೇಲಿ ನೂರು ಲೀಟ್ರಿಗೂ ಮೇಲೆ ಹಿಡೀತದೆ. ಹುಲ್ಲು ಕರಗ್ಸೋದು ಅದ್ರೊಳಗಿರೋ ಕೋಟಿಗಟ್ಲೆ ಸೂಕ್ಷ್ಮಾಣು. ಆಮೇಲೆ ಹಸ ಅವುನ್ನೇ ಅರಗಿಸ್ಕತದೆ.

ಪುಟ್ಟಸ್ವಾಮಿ: ಮನೆ ಊಟ ಮಾಡ್ಸಿ, ಮಾಡಿದೋರ್ನೇ ನುಂಗೋದಾ? ಎಂಥಾ ಹಸನಕ್ಕ ಅದು!

ನಿಂಗಮ್ಮ: ಕೇಳು. ಆ ಸೂಕ್ಷ್ಮಾಣುಗೂ ಸಾರಜನಕ ಬೇಕು. ಮೇವಲ್ಲಿ ನೂರಕ್ಕೆ ಏಳು ಪಾಲು ಪ್ರೋಟೀನೂ ಇಲ್ದಿದ್ರೆ ಅವು ಉಪಾಸ. ನಾರು ಕರಗಾಕಿಲ್ಲ, ಹೊಟ್ಟೆ ಖಾಲಿ ಆಗಾಕಿಲ್ಲ, ಹಸ ಮೇವು ಮೂಸಿ ಸುಮ್ಕಾಯ್ತದೆ. ಅಂಥ ಬಡಕಲು ಹುಲ್ಲಿಗೆ ಗೊಬ್ಬರ ಕೊಟ್ರೆ ಲಾಭ ಅದೆ.

ಪುಟ್ಟಸ್ವಾಮಿ: ಹಂಗಾರೆ ನಾನ್ ಮಾಡಿದ್ದು ಸರಿ ಬುಡು. ಕೆಳಗಿನ ತಾಕಿಗೆ ಇನ್ನೊಂದು ಮೂಟೆ ಚೆಲ್ಲಿ, ಎಳೇದ್ನೇ ಕುಯ್ದು ಹಾಕ್ತಾವ್ನಿ.

ನಿಂಗಮ್ಮ: ಸೆಗಣಿ ಹೆಂಗದೆ?

ಪುಟ್ಟಸ್ವಾಮಿ: ಬೆರಣಿ ತಟ್ಟೋ ಹಂಗಿಲ್ಲ, ನೀರು. ಗಂಜಲದ ಗಾಟಿಗೆ ಕೊಟ್ಟಿಗೇಲಿ ಕಣ್ಣೇ ಬಿಡಾಕಾಗಲ್ಲ. ಹಾಲು ಇಳಿದದ್ದಕ್ಕೆ ನಾನು ಅಳ್ತಾವ್ನಿ ಅಂತ ನಮ್ಮನೇಳು ಸಮಾಧಾನ ಮಾಡ್ತಾವ್ಳೆ.

ನಿಂಗಮ್ಮ: ಅತಿಯಾಯ್ತು ಕಣ್ಲಾ. ಹೊಟ್ಟೇಲಿ ಅಮೋನಿಯಾ ಜಾಸ್ತಿ, ಅದುನ್ನ ಕಟ್ಕಳಾಕೆ ಸೂಕ್ಷ್ಮಾಣುಗೆ ಶಕ್ತಿ ಸಾಲ್ದು. ಮಿಕ್ಕಿದ್ದು ರಕ್ತ ಸೇರಿ ಲಿವರಿಗೆ ಹೋಯ್ತದೆ. ಲಿವರು ಅದುನ್ನ ಏನ್ ಮಾಡ್ತದೆ ಗೊತ್ತಾ? ಯೂರಿಯಾ.

ಪುಟ್ಟಸ್ವಾಮಿ: ಯಾವ ಯೂರಿಯಾ?

ನಿಂಗಮ್ಮ: ನೀನು ಸೊಸೈಟೀಲಿ ಸಾಲು ನಿಂತು ತಂದ್ಯಲ್ಲ, ಅದೇಯ. ಗಂಜಲದಲ್ಲಿ ವಾಪಸ್ ಕೊಡ್ತಾ ಅದೆ.

ಪುಟ್ಟಸ್ವಾಮಿ: ಅಯ್ಯೋ! 45 ಕೆ.ಜಿ. ಮೂಟೆ ಬೆನ್ನ ಮೇಲೆ ಹೊತ್ಕಂಡ್ ಬಂದೆ ಕಣಕ್ಕ!

ನಿಂಗಮ್ಮ: ಒಸಿ ಒಣಹುಲ್ಲು, ಜೋಳದ ಹಿಟ್ಟು ಬೆರ್ಸಿ ಹಾಕು. ಆ ಕೊನೇ ಮೂಟೆ ಚೆಲ್ಲಿದ್ದು ಯಾವಾಗ?

ಪುಟ್ಟಸ್ವಾಮಿ: ಮೊನ್ನೆ ಸೋಮವಾರ.

ನಿಂಗಮ್ಮ: ಕುಡುಗೋಲು ಮಡಗು ಮೊದ್ಲು! ಮೋಡ ಬೇರೆ ಮುಚ್ಕಂಡದೆ. ಬಿಸಿಲಿಲ್ದೆ ಕಡ್ಡೀಲಿ ನೈಟ್ರೇಟು ಹಂಗೇ ನಿಂತಿರ್ತದೆ. ಹೊಟ್ಟೇಲಿ ಅದು ನೈಟ್ರೈಟಾಗಿ ರಕ್ತ ಚಾಕಲೇಟ್ ಬಣ್ಣಕ್ಕೆ ತಿರುಗ್ತದೆ, ಹಸಕ್ಕೆ ಉಸ್ರು ಕಟ್ತದೆ. ಡಾಕ್ಟ್ರು ಮೆಥಿಲೀನ್ ಬ್ಲೂ ಹಿಡ್ಕಂಡು ಓಡಿ ಬರ್ಬೇಕಾಯ್ತದೆ. ಮೂರು ವಾರ ಆ ತಾಕಿಗೆ ಕಾಲಿಕ್ಬ್ಯಾಡ.

ಪುಟ್ಟಸ್ವಾಮಿ: (ಯೋಚಿಸಿ) ಅಕ್ಕ, ಆ ಗಂಜಲನೇ ಹುಲ್ಲಿಗೆ ತಿರುಗ್ಸಿದ್ರೆ?

ನಿಂಗಮ್ಮ: ನಿಮ್ಮಪ್ಪ ಅದುಕ್ಕೇ ಕೊಟ್ಟಿಗೆಯಿಂದ ಕಾಲ್ವೆ ತೆಗ್ದಿದ್ದ. ನೀನು ಸಿಮೆಂಟ್ ಹಾಕ್ಸಿ ಬೈಕ್ ನಿಲ್ಸಿದ್ದೀಯೆ.

ಪುಟ್ಟಸ್ವಾಮಿ: ಇವತ್ತೇ ಒಡೀತೀನಿ! ನಿಮ್ಮನೇಲಿ ಹಾರೆ ಅದಾ?

ನಿಂಗಮ್ಮ: ಅದೆ. ಹೋದ ವರ್ಸದಿಂದ ನಿಮ್ಮನೇಲೇ ಅದೆ.