ಲೆಕ್ಕದಾಗ ಆಫ್‌ಸೈಡ್

ಅಕ್ಕಲಕೋಟ ಬಸ್ ಸ್ಟ್ಯಾಂಡಿನ ಚಹಾದಂಗಡಿ. ಸೊಲ್ಲಾಪುರದಲ್ಲಿ ಚಾದರದ ಮಗ್ಗ ಇಟ್ಟಿರುವ ಕಾಕಾನ ಮುಂದೆ, ಬೆಂಗಳೂರಿನಿಂದ ಬಂದ ಅಣ್ಣನ ಮಗ ಬೆಂಗಳೂರು ಎಫ್‌ಸಿಯ ಭಜನೆ ಹಚ್ಚಿದ್ದ.

"2013ರಾಗ ಹುಟ್ಟಿದ ಫುಟ್‌ಬಾಲ್ ಕ್ಲಬ್ಬು ಕಾಕಾ. 2018-19ರಾಗ ಇಂಡಿಯನ್ ಸೂಪರ್ ಲೀಗ್, ಅಂದ್ರ ಐಎಸ್‌ಎಲ್ ಕಪ್ ಗೆದ್ದದ!"

"ಶಾಭಾಸ್! ನಫಾ ಎಷ್ಟಾತು?"

"ಐಎಸ್‌ಎಲ್ ಕ್ಲಬ್ಬಿನಾಗ ನಫಾ ಕೇಳಬಾರದ್ರಿ. ಹೋದ ರೊಕ್ಕಕ್ಕ ಇನ್ವೆಸ್ಟ್‌ಮೆಂಟ್ ಅಂತಾರ."

"ನಮ್ಮ ಮಗ್ಗದಾಗ ಲುಕ್ಸಾನ ಅಂತೀವಿ. ತುಂಬೋರ್ಯಾರು?"

"ಮಾಲಕರು, ಜೆಎಸ್‌ಡಬ್ಲ್ಯು. ಉಕ್ಕಿನ ಕಂಪನಿ."

"ಹಂಗಾರ ಗಟ್ಟಿ ಅದ ಬಿಡು. ಆಟಗಾರರ ಪಗಾರ?"

ಹುಡುಗ ಚಹಾ ಊದಿದ. "2025ರ ಆಗಸ್ಟಿನಾಗ ತಡೆಹಿಡಿದ್ರು. ಲೀಗೇ ನಡೀತದೋ ಇಲ್ಲೋ ಅನ್ನಂಗಾಗಿತ್ತು."

ಕಾರಣ ಅವನಿಗೆ ಬಾಯಿಪಾಠ. ಫುಟ್‌ಬಾಲ್ ಫೆಡರೇಷನ್ನು ರಿಲಯನ್ಸ್ ಬಳಗದ ಜೊತೆ 2010ರಲ್ಲಿ ಮಾಡಿಕೊಂಡ ಕರಾರು 15 ವರ್ಷದ್ದು, 700 ಕೋಟಿಯದು. ಲೀಗ್ ನಡೆಯುತ್ತಿದ್ದುದು ಆ ಕರಾರಿನ ಮೇಲೆಯೇ; 2025ರ ಡಿಸೆಂಬರಿಗೆ ಅದರ ಆಯುಷ್ಯ ಮುಗಿಯುವುದಿತ್ತು. (ಅಭಿಮಾನಿಗಳಿಗೆ ಆಫ್‌ಸೈಡ್ ನಿಯಮಕ್ಕಿಂತ ಇದೇ ಕಠಿಣ ಪಾಠ.)

"15 ವರ್ಷದ ಹಿಂದೇ ತಾರೀಖು ಗೊತ್ತಿತ್ತಲ್ಲೋ?"

"ಗೊತ್ತಿತ್ರಿ. ಅದಕ್ಕ ಕಡೀಕ ಹೊಸ ಕರಾರಿಗೆ ಟೆಂಡರ್ ಕರೆದ್ರು. ನವೆಂಬರ್ 7ಕ್ಕ ಗಡುವು. ಒಂದೂ ಅರ್ಜಿ ಬರಲಿಲ್ಲ."

"ಭಾರಿ ಗೋಲ್‌ಕೀಪರ್ ಇಟ್ಟಾರ, ತಮ್ಮಾ. ಒಂದನ್ನೂ ಒಳಗ ಬಿಟ್ಟಿಲ್ಲ!"

"ಚೇಷ್ಟಾ ಮಾಡಬ್ಯಾಡ್ರಿ ಕಾಕಾ. ನಾವು ಕ್ಲಬ್ಬಿನ ಜೋಡಿ ಗಟ್ಟ್ಯಾಗಿ ನಿಂತೀವಿ."

"ನಿಂತೇ ನೋಡ್ತೀರಿ? ಅಲ್ಲಿ ಕೂಡಲಿಕ್ಕೆ ಜಾಗ ಇಲ್ಲೇನು?"

"ಟಿಕೆಟ್ ತಗೊಂಡೇವ್ರಿ. ಜರ್ಸಿನೂ ನಗದು ಕೊಟ್ಟೇ ತಂದೀನಿ."

ಕಾಕಾ ಬೆರಳು ಮಡಚಿ ಎಣಿಸಿದ. "ಮಾಲಕರದು ಲುಕ್ಸಾನ, ಆಟಗಾರರದು ಬಾಕಿ, ಫೆಡರೇಷನ್ನಿಂದು ಖಾಲಿ ಪೆಟಗಿ. ಇಡೀ ಹಿಸಾಬಿನಾಗ ರೊಕ್ಕ ಚುಕ್ತಾ ಮಾಡಿದಾವ ನೀನೊಬ್ಬನ ನೋಡು."