ಹೊಳಿದಂಡಿ ಬೆಂಕಿ, ಬಿಸಿ ಸೀತನಿ

ಅಕ್ಕಾರ, ನಿಮ್ಮ ಮಗಳು ಗೆಳತ್ಯಾರ ಜೋಡಿ ಗೋಕರ್ಣಕ್ಕ ಹೋಗಿ, ಸಮುದ್ರದ ದಂಡ್ಯಾಗ ಬೆಂಕಿ ಹಾಕ್ಕೊಂಡು ಕುಂತಿದ್ಲಂತ. ಚೊಲೊ ಆತು, ಹುಡುಗರು ತಿರುಗಾಡಬೇಕು. ಆದ್ರ ಹಂಗ ಕುಂದ್ರಾಕ ರಾಯಚೂರಿನವರು ಅಷ್ಟು ದೂರ ಹೋಗಬೇಕಂತ ಏನಿಲ್ಲ. ಉತ್ತರಕ್ಕ ಕೃಷ್ಣಾ, ದಕ್ಷಿಣಕ್ಕ ತುಂಗಭದ್ರಾ, ನಡುವ ನಾವು. ಎರಡೂ ಕಡಿ ಉಸುಕು ಅದ. ಸಂಕ್ರಾಂತಿ ಹೊತ್ತಿಗೆ ಎರಿಹೊಲದಾಗ ಬಿಳಿಜೋಳ ಹಾಲುಗಾಳಾಗಿ ನಿಂತಿರ್ತದ. ಹೊಳಿದಂಡ್ಯಾಗ ಬೆಂಕಿ ಹಾಕಿ, ಅದರಾಗ ಆ ಎಳಿ ತೆನಿ, ಅಂದ್ರ ಸೀತನಿ, ಸುಟ್ಟು ತಿನ್ನೋ ಸಂಜಿ ಮುಂದ ನನಗಂತೂ ಬ್ಯಾರೆ ಯಾವುದೂ ಬ್ಯಾಡ.

ದೇವದುರ್ಗದ ಕಡಿ ನಮ್ಮ ಸೋದರಮಾವನ ಹೊಲ ಅದ. ಅಲ್ಲಿ ಒಂದು ಗೇಣು ಆಳ ತಗ್ಗು ತೋಡಿ, ಕುಳ್ಳು ಹೊಂದಿಸಿ ಹಚ್ಚತಾರ. ಮೊದಲು ಬರೇ ಹೊಗಿ. ಹೊಗಿ ಕಡಿಮ್ಯಾಗಿ ಕೆಂಡ ಆಗೋತನಕ ಕಾಯಬೇಕು. ಅವಸರ ಮಾಡಿ ಉರಿಯಾಗ ಇಟ್ರ ತೆನಿ ಮ್ಯಾಲ ಕರಕಾಗ್ತದ, ಒಳಗ ಹಸಿ ಉಳೀತದ. ಬಿಸಿ ಬೂದ್ಯಾಗ ಹೂಳಿ, ದಂಟು ಹಿಡಿದು ಹೊಳ್ಳಿಸ್ತಾ ಇದ್ರ ಕಾಳು ಚಟ್ ಚಟ್ ಅಂತದ. ಆಗ ತಗದು ಗೋಣಿಚೀಲದ ಮ್ಯಾಲ ತಿಕ್ಕಬೇಕು, ಮರದಾಗ ಕೇರಬೇಕು. ತಿಳಿಹಸರು ಕಾಳು, ಅಂಗೈ ಸುಡುವಷ್ಟು ಬಿಸಿ. ಜೋಡಿಗೆ ಶೇಂಗಾ ಹಿಂಡಿ, ಬೆಲ್ಲದ ಚೂರು, ಒಂದು ಬಟ್ಟಲ ಮಜ್ಜಿಗಿ. ಆರಿದ ಮ್ಯಾಲ ಆ ರುಚಿ ಇರಂಗಿಲ್ಲ. ಅದಕ್ಕ ಸೀತನಿ ಮನಿಗೆ ತರೋ ಪದಾರ್ಥ ಅಲ್ಲ, ಬೆಂಕಿ ಮುಂದ ಕುಂತ ತಿನ್ನಬೇಕು.

ಬರೇ ಮೈ ಕಾಸ್ಕೊಳ್ಳಾಕ ಬೆಂಕಿ ಬೇಕಂದ್ರ ಬಳ್ಳಾರಿ ಜಾಲಿ ಕಟ್ಟಿಗಿ ಚೊಲೊ, ಕೆಂಡ ಬಾಳ ಹೊತ್ತು ನಿಲ್ತದ. ಹತ್ತಿಕಟ್ಟಿಗಿ ಬುಗ್ಗನ ಉರಿದು ಕಿಡಿ ಹಾರಿಸ್ತದ. ಸುಗ್ಗಿ ಹೊತ್ತಿನಾಗ ಸುತ್ತ ಒಣಾ ಬೆಳಿ, ಕಣದಾಗ ಸೊಪ್ಪಿಯ ಬಣವಿ ಇರ್ತಾವ. ಗಾಳಿ ಯಾವ ಕಡಿ ಬೀಸ್ತದ ನೋಡದ ಕಡ್ಡಿ ಗೀರಬಾರದು. ಕಣಗಿಲ ಕಡ್ಡಿ ಒಲಿಗೆ ಬ್ಯಾಡ, ಅದರ ಹೊಗಿ ವಿಷ. ಹೊಳ್ಯಾಗಿನ ಹಸಿ ಕಲ್ಲೂ ಬ್ಯಾಡ. ಒಳಗ ಹಿಡಿದ ನೀರು ಕಾದು ಆವಿಯಾದ್ರ ಕಲ್ಲು ಸಿಡೀತದ.

ಇನ್ನ ಕೃಷ್ಣೆಯಾಗ ಮೊಸಳಿ ಅವ, ಇದು ಊರಿಗೆಲ್ಲ ಗೊತ್ತಿದ್ದದ್ದ. ಚಳಿಗಾಲದಾಗ ಹಗಲೊತ್ತು ದಂಡಿಗೆ ಬಂದು ಬಿಸಲು ಕಾಸ್ತಾವ. ಬ್ಯಾಸಗಿ ಹತ್ತಿರ ಬಂದಂಗ ದಂಡಿಯ ಉಸುಕಿನಾಗ ತಗ್ಗು ತೋಡಿ ತತ್ತಿ ಇಡ್ತಾವ. ಅವು ಬ್ಯಾಟಿಗೆ ಇಳಿಯೋದು ಕತ್ತಲಾದ ಮ್ಯಾಲ. ಹಂಗಾಗಿ ಬೆಂಕಿ ನೀರಿಂದ ದೂರ, ಎತ್ತರದ ಜಾಗದಾಗ ಇರಲಿ. ಪಾತ್ರಿ ತೊಳಿಯಾಕ, ಕೈ ತೊಳಿಯಾಕ ಅಂತ ಕತ್ತಲದಾಗ ಯಾರೂ ಹೊಳಿಗೆ ಇಳಿಯೋದು ಬ್ಯಾಡ. ಮಳಿಗಾಲದಾಗಂತೂ ಆ ಮಾತ ಬ್ಯಾಡ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ರ ಹೂವಿನಹೆಡಗಿ ಸೇತುವೆನ ಮುಳುಗ್ತದ, ನಾವು ಕುಂತ ಉಸುಕಿನ ಪಾಡೇನು?

ಇಷ್ಟೆಲ್ಲ ಜ್ವಾಕಿ ಮಾಡಿದವರೂ ಎದ್ದು ಹೋಗೋ ಮುಂದ ಒಂದು ತಪ್ಪು ಮಾಡ್ತಾರ, ಅದಕ್ಕ ನನಗ ಬಾಳ ಕಳವಳ. ಕಾಲಲ್ಲಿ ಉಸುಕು ಎಳದು ಬೆಂಕಿ ಮುಚ್ಚಿ ನಡದಬಿಡ್ತಾರ. ಉರಿ ಹೋಗ್ತದ, ಕೆಂಡ ಹೋಗಂಗಿಲ್ಲ. ನಮ್ಮವ್ವ ರಾತ್ರಿ ಒಲಿಯಾಗಿನ ಕೆಂಡಕ್ಕ ಬೂದಿ ಮುಚ್ಚಿ ಮಲಗ್ತಿದ್ಲು, ಮುಂಜಾನಿ ಅದ ಕೆಂಡ ಊದಿ ಒಲಿ ಹೊತ್ತಿಸ್ತಿದ್ಲು. ಉಸುಕೂ ಹಂಗ, ಕಾವು ಹೊರಗ ಬಿಡಂಗಿಲ್ಲ, ತಾಸುಗಟ್ಟಲೆ ಒಳಗ ಹಿಡಿದಿಡ್ತದ. ಮ್ಯಾಲ ನೋಡಿದ್ರ ಏನೂ ಕಾಣಂಗಿಲ್ಲ. ಮಾನ್ವಿ ಕಡಿ ಚೀಕಲಪರ್ವಿ ಅದಲ್ಲ, ವಿಜಯದಾಸರ ಊರು, ಅಲ್ಲಿ ತುಂಗಭದ್ರೆಗೆ ಮುಂಜಾನಿ ಜಳಕಕ್ಕ ಬರೋರು ಬರಿಗಾಲಾಗ ಬರ್ತಾರ. ಕುರಿ ಕಾಯೋ ಹುಡುಗರ ಕಾಲಾಗ ಚಪ್ಪಲಿ ಇರಂಗಿಲ್ಲ. ನಮ್ಮ ಖುಷಿಗೆ ಅವರ ಅಂಗಾಲು ಸುಡಬೇಕೇನು?

ಅದಕ್ಕ ಬೆಂಕಿಗೆ ನೀರ ಹಾಕಬೇಕು. ನಿಧಾನಕ್ಕ ಹಾಕಿ, ಕೋಲಿಂದ ಕೆದರಿ, ಮತ್ತ ಹಾಕಬೇಕು. ಅಂಗೈ ಹತ್ತಿರ ಹಿಡಿದ್ರ ಕಾವು ತಗಲಬಾರದು, ಅಲ್ಲಿತನಕ ಬಿಡಬಾರದು. ಹಂಗೂ ಯಾರಿಗಾದ್ರೂ ಸುಟ್ರ 20 ನಿಮಿಷ ತಣ್ಣನ ನೀರು ಸುರೀರಿ. ಟೂತ್‌ಪೇಸ್ಟ್, ಬೆಣ್ಣಿ ಏನೂ ಹಚ್ಚಬ್ಯಾಡ್ರಿ. ಗುಳ್ಳಿ ಎದ್ರ ದವಾಖಾನಿಗೆ ಕರಕೊಂಡು ಹೋಗ್ರಿ.

ಮುಂದಿನ ಐತ್ವಾರ ಮಗಳನ್ನೂ ಅವಳ ಗೆಳತ್ಯಾರನ್ನೂ ಕರಕೊಂಡು ಬರ್ರಿ ಅಕ್ಕಾರ. ತೆನಿ, ಕುಳ್ಳು ನಮ್ಮ ಕಡಿಂದ. ನೀವು ಹಗಲಿರತ ನಾಕು ಕೊಡ ನೀರು ತುಂಬಿಸಿ ಗಾಡ್ಯಾಗ ಇಡಸ್ರಿ.