ಕೇಳುವವರಿಗೆ ಅಂಕವಿಲ್ಲ

ಫೆಬ್ರವರಿ ಬಂತೆಂದರೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಜ್ಞಾನ ಉಕ್ಕತೊಡಗುತ್ತದೆ. ವರ್ಷವಿಡೀ ಅದು ಎಲ್ಲಿ ಅಡಗಿರುತ್ತದೋ ಆ ಶಾರದೆಗೇ ಗೊತ್ತು. ಮಾರ್ಚ್ 31ರೊಳಗೆ ಖರ್ಚಾಗದ ಅನುದಾನ ವಾಪಸ್ಸು ಹೋಗುತ್ತದೆಂಬ ಸುತ್ತೋಲೆ ಬಂದದ್ದೇ ತಡ, ಸಮಾಜಶಾಸ್ತ್ರ ವಿಭಾಗಕ್ಕೆ ಸಮಾಜದ ಚಿಂತೆ, ವಾಣಿಜ್ಯ ವಿಭಾಗಕ್ಕೆ ದೇಶದ ಚಿಂತೆ, ಕನ್ನಡ ವಿಭಾಗಕ್ಕೆ ಕನ್ನಡದ ಚಿಂತೆ ಒಟ್ಟೊಟ್ಟಿಗೇ ಹತ್ತಿಕೊಳ್ಳುತ್ತದೆ. ನೋಟಿಸ್ ಬೋರ್ಡಿನಲ್ಲಿ ಆಂತರಿಕ ಪರೀಕ್ಷೆಯ ವೇಳಾಪಟ್ಟಿಯ ಮೇಲೆ ಎರಡು ದಿನಗಳ ಒಂದು ರಾಷ್ಟ್ರೀಯ ವಿಚಾರ ಸಂಕಿರಣ, ಅದರ ಮೇಲೆ ಒಂದು ಅಂತರರಾಷ್ಟ್ರೀಯ ಸಮ್ಮೇಳನ, ಅದರ ಮೂಲೆಗೆ ಪಿನ್ನು ಚುಚ್ಚಿಸಿಕೊಂಡು ನೇತಾಡುವ ಒಂದು ವಿಶೇಷ ಉಪನ್ಯಾಸ.

ಇವುಗಳ ಶೀರ್ಷಿಕೆ ರಚನೆ ಒಂದು ಪ್ರತ್ಯೇಕ ಶಾಸ್ತ್ರ. ಶೀರ್ಷಿಕೆಯ ನಡುವೆ ಕೋಲನ್ ಇರಲೇಬೇಕು. ಅದರ ಎಡಗಡೆ ಏನು ಬೇಕಾದರೂ ಬರಬಹುದು: ವಚನ ಚಳವಳಿ, ಜಿಎಸ್‌ಟಿ, ರೇಷ್ಮೆ ಕೃಷಿ, ಕೃತಕ ಬುದ್ಧಿಮತ್ತೆ. ಬಲಗಡೆ ಮಾತ್ರ ‘ಸವಾಲುಗಳು ಮತ್ತು ಸಾಧ್ಯತೆಗಳು’. ಕೆಳಗೆ ಉಪವಿಷಯಗಳ ಪಟ್ಟಿ. ಅದರ ಕೊನೆಯ ಸಾಲು ‘ಹಾಗೂ ವಿಷಯಕ್ಕೆ ಸಂಬಂಧಿಸಿದ ಇತರೆ ಯಾವುದೇ ವಿಷಯ’. ಯಾರೂ ಹೊರಗುಳಿಯಬಾರದಲ್ಲ.

ವಿಷಯ ಬದಲಾದರೂ ಪ್ರಬಂಧ ಬದಲಾಗಬೇಕಿಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ತಾಜಾ ನಿದರ್ಶನವಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು, 2021ರಲ್ಲಿ, ಜಾರಿಗೆ ತಂದವರು ನಾವು. ಆಗ ಊರೂರಿನ ಸಭಾಂಗಣಗಳಲ್ಲಿ ಆ ನೀತಿ ಯುಗಪ್ರವರ್ತಕವೆಂದು ಪ್ರಬಂಧಗಳು ಸಾರಿದವು. ಸರ್ಕಾರ ಬದಲಾಯಿತು. 2023ರಲ್ಲಿ ರಾಜ್ಯದ್ದೇ ನೀತಿ ರೂಪಿಸಲು ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ಬಂತು. 2024ರ ಮೇ ತಿಂಗಳಲ್ಲಿ ನಾಲ್ಕು ವರ್ಷದ ಪದವಿ ಮತ್ತೆ ಮೂರಕ್ಕೆ ಇಳಿಯಿತು. ಅದೇ ಸಭಾಂಗಣ, ಅದೇ ಮೈಕು, ಅದೇ ಪ್ರಾಧ್ಯಾಪಕರು. ಈಗ ರಾಜ್ಯ ನೀತಿ ಯುಗಪ್ರವರ್ತಕ. ಕಂಪ್ಯೂಟರಿನಲ್ಲಿ ಒಂದು ಪದ ಹುಡುಕಿ ಇನ್ನೊಂದು ಪದ ಕೂರಿಸುವ ಗುಂಡಿ ಇದೆ, ಅದನ್ನು ಒತ್ತಲು ಎರಡು ಸೆಕೆಂಡು ಸಾಕು. ಮೂರು ವರ್ಷದೊಳಗೆ ಎರಡು ಯುಗಗಳನ್ನು ಪ್ರವರ್ತಿಸಿದ ಬೌದ್ಧಿಕ ಚುರುಕು ಬೇರೆ ಯಾವ ನಾಡಿಗೂ ಇರಲಾರದು.

ಹಾಗೆಂದು ಪ್ರಾಧ್ಯಾಪಕರನ್ನು ಮಾತ್ರ ಬೈದರೆ ಅನ್ಯಾಯ. ಅವರನ್ನು ಮಾತಿಗೆ ತಳ್ಳಿದ್ದು ಯುಜಿಸಿ. 2010ರ ನಿಯಮಾವಳಿಯಲ್ಲಿ ಅದು ಪ್ರಬಂಧ ಮಂಡನೆಗೆ ದರಪಟ್ಟಿ ಹಾಕಿತು: ಅಂತರರಾಷ್ಟ್ರೀಯಕ್ಕೆ 10 ಅಂಕ, ರಾಷ್ಟ್ರೀಯಕ್ಕೆ 7.5, ರಾಜ್ಯಮಟ್ಟಕ್ಕೆ 5, ಸ್ಥಳೀಯಕ್ಕೆ 3. ಬಡ್ತಿಗೆ ಈ ಅಂಕ ಬೇಕು. 2018ರಲ್ಲಿ ಹೊಸ ನಿಯಮ ಬಂದು ದರ ಇಳಿಯಿತು: ವಿದೇಶಕ್ಕೆ ಹೋಗಿ ಮಾತಾಡಿದರೆ 7, ದೇಶದೊಳಗೇ ಅಂತರರಾಷ್ಟ್ರೀಯವಾಗಿ ಮಾತಾಡಿದರೆ 5, ರಾಷ್ಟ್ರೀಯವಾಗಿ 3, ರಾಜ್ಯ ಅಥವಾ ವಿಶ್ವವಿದ್ಯಾಲಯ ಮಟ್ಟದಲ್ಲಿ 2. ದರ ಇಳಿದರೆ ಬೆಳೆಗಾರ ಏನು ಮಾಡುತ್ತಾನೋ ಪ್ರಾಧ್ಯಾಪಕರೂ ಅದನ್ನೇ ಮಾಡಿದರು: ಹೆಚ್ಚು ಬೆಳೆದರು. ಪಿಎಚ್‌.ಡಿ. ವಿದ್ಯಾರ್ಥಿಗಳೂ ಪ್ರಬಂಧ ಸಲ್ಲಿಸುವ ಮುನ್ನ ಎರಡು ಕಡೆ ಮಂಡನೆ ಮಾಡಿರಬೇಕೆಂದು 2016ರ ನಿಯಮ ಹೇಳಿತ್ತು. 2022ರಲ್ಲಿ ಆ ಷರತ್ತು ಹೋಯಿತು. ಹೋಗಿದೆಯೆಂದು ಅನೇಕ ಮಾರ್ಗದರ್ಶಕರಿಗೆ ಇನ್ನೂ ಯಾರೂ ಹೇಳಿದಂತಿಲ್ಲ.

ದೇಶದೊಳಗೇ ಅಂತರರಾಷ್ಟ್ರೀಯವಾಗುವುದು ಕಷ್ಟವೇನಲ್ಲ. ಟೆಕ್ಸಾಸಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಪ್ರತಿ ವಿಭಾಗಕ್ಕೂ ಇರುತ್ತಾನೆ. ಅವನ ಮಧ್ಯರಾತ್ರಿಯಲ್ಲಿ ಅವನನ್ನು ಝೂಮ್ ಪರದೆಯ ಮೇಲೆ ಎಬ್ಬಿಸಿ ಕೂರಿಸಿದರೆ ಶಿಲಾಶಾಸನ ಕುರಿತ ಸಂಕಿರಣವೂ 3ರಿಂದ 5ಕ್ಕೆ ಏರುತ್ತದೆ. ಆತ ಹೇಳಿದ್ದು ‘ಕೇಳಿಸ್ತಾ ಇದೆಯಾ ಸರ್’ ಎಂಬುದಷ್ಟೇ ಆದರೂ ಪರವಾಗಿಲ್ಲ.

ಈ ದರಪಟ್ಟಿಯನ್ನು ಮೇಲಿಂದ ಕೆಳಗೆ, ಅಡಿಟಿಪ್ಪಣಿ ಸಮೇತ ಓದಿ ನೋಡಿ. ಮಂಡಿಸಿದವರಿಗೆ ಅಂಕ, ಆಹ್ವಾನಿತ ಉಪನ್ಯಾಸಕರಿಗೆ ಅಂಕ, ಸಂಪನ್ಮೂಲ ವ್ಯಕ್ತಿಗೆ ಅಂಕ. ಕೆಳಗೆ ಕೂತು ಕೇಳಿದವನಿಗೆ ಏನೂ ಇಲ್ಲ. ಒಂದು ದೇಶದ ಸಮಸ್ತ ವಿದ್ವಾಂಸರನ್ನೂ ವೇದಿಕೆಗೆ ಹತ್ತಿಸಿ, ಕುರ್ಚಿಗಳನ್ನು ಖಾಲಿ ಬಿಟ್ಟ ನಿಯಮವಿದು. ಆ ಖಾಲಿ ಕುರ್ಚಿಗಳನ್ನು ತುಂಬುವುದೇ ಈಗ ಸಂಘಟಕರ ಮುಖ್ಯ ಸಂಶೋಧನೆ.

ಬೆಳಗಿನ ಉದ್ಘಾಟನೆಗೆ ತೊಂದರೆಯಿಲ್ಲ. ಪದವಿ ತರಗತಿಗಳನ್ನು ರದ್ದು ಮಾಡಿ ಹಾಜರಾತಿ ಪುಸ್ತಕವನ್ನು ಸಭಾಂಗಣಕ್ಕೇ ತಂದರಾಯಿತು. ಹಿಂದಿನ ಬಾಗಿಲಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು ನಿಲ್ಲುತ್ತಾರೆ. ಅವರ ಪದನಾಮಕ್ಕೆ ನಿಜವಾದ ಅರ್ಥ ಬರುವುದು ಅಂದೇ. ಪ್ರಾರ್ಥನೆ, ನಾಡಗೀತೆ, ರೈತಗೀತೆ. ನಾಡಗೀತೆಯನ್ನು 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕೆಂದು ಸರ್ಕಾರ 2022ರಲ್ಲಿ ಆದೇಶ ಮಾಡಿದೆ. ಸ್ವಾಗತ ಭಾಷಣಕ್ಕೆ ಅಂಥ ಆದೇಶವಿನ್ನೂ ಬಂದಿಲ್ಲ. ಸಸಿಗೆ ನೀರು ಹಾಕುವಾಗ ಏಳು ಜನ ಒಂದೇ ಚೊಂಬಿಗೆ ಕೈಹಚ್ಚಿ ಕ್ಯಾಮೆರಾ ನೋಡುತ್ತಾರೆ. ಆಮೇಲೆ ಪ್ರಾಸ್ತಾವಿಕ ನುಡಿ, ಆಶಯ ನುಡಿ, ದಿಕ್ಸೂಚಿ ಭಾಷಣ. ಆಶಯ ಒಂದು ಕಡೆ, ದಿಕ್ಕು ಇನ್ನೊಂದು ಕಡೆ. ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದು 2021ರಲ್ಲಿ ಬೊಮ್ಮಾಯಿಯವರ ಸರ್ಕಾರ ಹೇಳಿತ್ತು. ಅದನ್ನು ನಿಷ್ಠೆಯಿಂದ ಪಾಲಿಸುವ ವಿಭಾಗಗಳು ಹೋದ ವರ್ಷದ ಸಂಕಿರಣದ ಪ್ರಬಂಧ ಸಂಪುಟವನ್ನೇ ಅತಿಥಿಗಳಿಗೆ ಕೊಟ್ಟು ಗೋದಾಮು ಖಾಲಿ ಮಾಡಿಕೊಳ್ಳುತ್ತವೆ. ಅತಿಥಿಗಳು ಅದನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು ಮುಂದಿನ ಸಂಕಿರಣಕ್ಕೆ ಹೊರಡುತ್ತಾರೆ.

ಮಧ್ಯಾಹ್ನದ ಊಟವಾದ ಮೇಲೆ ಬಾಗಿಲು ಕಾಯುವವರೂ ಇರುವುದಿಲ್ಲ. ಆಗ ಶುರುವಾಗುವುದೇ ಸಮಾನಾಂತರ ಗೋಷ್ಠಿಗಳು. ಎಂಟು ಕೊಠಡಿಗಳಲ್ಲಿ ಎಂಟು ಗೋಷ್ಠಿ, ಒಂದೊಂದರಲ್ಲಿ ಹನ್ನೆರಡು ಮಂಡನೆ. ತಲಾ ಹದಿನೈದು ನಿಮಿಷ ಎಂದು ಕರಪತ್ರದಲ್ಲಿರುತ್ತದೆ. ಉದ್ಘಾಟನೆ ಎರಡು ಗಂಟೆ ತಡವಾದ್ದರಿಂದ ಅದು ಏಳಾಗಿ, ಅಧ್ಯಕ್ಷರಿಗೆ ಬಸ್ಸು ಇರುವುದರಿಂದ ಮೂರಾಗುತ್ತದೆ. ‘ಪ್ರಬಂಧ ದೀರ್ಘವಾಗಿದೆ, ಮುಖ್ಯಾಂಶ ಮಾತ್ರ ಹೇಳುತ್ತೇನೆ’ ಎಂದು ಹೇಳುವುದರಲ್ಲೇ ಅದರಲ್ಲೊಂದು ನಿಮಿಷ ಕಳೆಯುತ್ತದೆ. ಸಭಿಕರೆಂದರೆ ಉಳಿದ ಹನ್ನೊಂದು ಮಂಡನಕಾರರು. ಇದು ಅಪ್ಪಟ ಮದುವೆಮನೆಯ ಮುಯ್ಯಿ: ನನ್ನದಕ್ಕೆ ನೀವು ಕೂತರೆ ನಿಮ್ಮದಕ್ಕೆ ನಾನು. ಆದರೆ ಮುಯ್ಯಿಯಲ್ಲೂ ಮೋಸವಿದೆ. ಮೊದಲನೆಯವರು ತಮ್ಮದು ಮುಗಿಸಿ ಪ್ರಮಾಣಪತ್ರದ ಕೌಂಟರಿಗೆ ಹೋಗುತ್ತಾರೆ. ಹನ್ನೆರಡನೆಯವರ ಸರದಿ ಬರುವಾಗ ಕೋಣೆಯಲ್ಲಿ ಅವರೂ ಅಧ್ಯಕ್ಷರೂ ಫ್ಯಾನೂ ಉಳಿದಿರುತ್ತಾರೆ.

ಆ ಹನ್ನೆರಡನೆಯವರು ಯಾರೆಂದು ಕೇಳಿದರೆ ವ್ಯಂಗ್ಯಕ್ಕೆ ಸ್ವಲ್ಪ ಹೊತ್ತು ಬಾಯಿ ಕಟ್ಟುತ್ತದೆ. ಸಾಮಾನ್ಯವಾಗಿ ಅತಿಥಿ ಉಪನ್ಯಾಸಕರು. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಪಾಠದ ಭಾರ ಹೊತ್ತಿರುವ ಇವರು ಹತ್ತು ಸಾವಿರಕ್ಕೂ ಹೆಚ್ಚು ಮಂದಿ. ಕಾಯಂ ಪ್ರಾಧ್ಯಾಪಕರಿಗೆ ಸಂಕಿರಣಕ್ಕೆ ಹೋಗಲು ಕರ್ತವ್ಯದ ಮೇಲಿನ ಅನುಮತಿ (ಒಒಡಿ) ಸಿಗುತ್ತದೆ, ಪ್ರಯಾಣಭತ್ಯೆಯ ಆಸೆಯಾದರೂ ಇರುತ್ತದೆ. ಅತಿಥಿಗಳು ನೋಂದಣಿ ಶುಲ್ಕ ಕೈಯಿಂದ ಕಟ್ಟಿ, ರಾತ್ರಿ ಬಸ್ಸಿನಲ್ಲಿ ಬಂದು, ಅಂದಿನ ಪಾಠದ ಲೆಕ್ಕ ಕಳೆದುಕೊಂಡು ಮೂರು ನಿಮಿಷ ಮಾತಾಡಿ ಹೋಗುತ್ತಾರೆ. ಕಾಯಮಾತಿಯ ಸಂದರ್ಶನ ಎಂದಾದರೂ ನಡೆದರೆ ಆ ಪ್ರಮಾಣಪತ್ರ ತೂಕಕ್ಕೆ ಬರಬಹುದೆಂಬ ನಂಬಿಕೆ. ಸಂಕಿರಣ ತಮ್ಮದೇ ಕಾಲೇಜಿನಲ್ಲಿ ನಡೆದರೆ ಇವರ ಕೆಲಸವೇ ಬೇರೆ: ಕಿಟ್ಟಿಗೆ ಪೆನ್ನು ತುಂಬುವುದು, ರೈಲ್ವೆ ನಿಲ್ದಾಣಕ್ಕೆ ಕಾರು ಕಳಿಸುವುದು, ನಿರೂಪಣೆ. ಕರಪತ್ರದ ಸಲಹಾ ಸಮಿತಿ, ಸಂಘಟನಾ ಸಮಿತಿ, ಸ್ವಾಗತ ಸಮಿತಿಯ ಮೂವತ್ತು ಹೆಸರುಗಳಲ್ಲಿ ಇವರದ್ದು ಮಾತ್ರ ಇರುವುದಿಲ್ಲ.

ಎಲ್ಲ ಮುಗಿದ ಮೇಲೆ ಉಳಿಯುವುದು ಫೋಟೊ, ಅದೂ ಜಿಯೋಟ್ಯಾಗ್ ಆದದ್ದು. ಅಕ್ಷಾಂಶ ರೇಖಾಂಶ ನಮೂದಾಗಿರದ ಜ್ಞಾನವನ್ನು, ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ಒಪ್ಪುವುದಿಲ್ಲ. 1994ರಲ್ಲಿ ಹುಟ್ಟಿ ಬೆಂಗಳೂರಿನ ನಾಗರಭಾವಿಯಲ್ಲಿ ಕೂತಿರುವ ಈ ಸಂಸ್ಥೆ ಎಷ್ಟು ಸಂಕಿರಣ ಮಾಡಿದಿರಿ ಎಂದು ಕೇಳುತ್ತದೆ, ಎಣಿಸಿ ಹೇಳಬೇಕು. ಯಾರು ಏನು ಕಲಿತರು ಎಂಬ ಕಾಲಂ ತುಂಬುವುದು ಕಷ್ಟ, ಬ್ಯಾನರ್ ಕಾಣುವಂತೆ ಫೋಟೊ ತೆಗೆಯುವುದು ಸುಲಭ. 2025ರ ಫೆಬ್ರವರಿಯಲ್ಲಿ ಲಂಚದ ಪ್ರಕರಣವೊಂದರಲ್ಲಿ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನೇ ಸಿಬಿಐ ಬಂಧಿಸಿದಾಗ, ಅಂಕ ಗಳಿಸಲು ಸಂಕಿರಣಕ್ಕಿಂತ ಹತ್ತಿರದ ದಾರಿಗಳೂ ಇವೆಯೆಂಬ ಆರೋಪ ದೇಶಕ್ಕೆ ಗೊತ್ತಾಯಿತು. ಆ ಲೆಕ್ಕದಲ್ಲಿ ಸಂಕಿರಣ ಮಾಡುವವರು ಪ್ರಾಮಾಣಿಕರು.

ಇದು ಸಣ್ಣ ಊರಿನ ಕಾಲೇಜುಗಳ ರೋಗವೆಂದು ಮೈಸೂರು, ಬೆಂಗಳೂರಿನವರು ನಗಬಾರದು. 1914ರಲ್ಲಿ ಕೋಲ್ಕತ್ತದಲ್ಲಿ ಮೊದಲ ಅಧಿವೇಶನ ಕಂಡ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 103ನೇ ಅಧಿವೇಶನ ನಡೆದದ್ದು 2016ರ ಜನವರಿಯಲ್ಲಿ, ನಮ್ಮ ಮಾನಸಗಂಗೋತ್ರಿಯಲ್ಲೇ. ಉದ್ಘಾಟನೆಗೆ ಪ್ರಧಾನಿ ಬಂದಿದ್ದರು. ಅಲ್ಲಿ ಐಎಎಸ್ ಅಧಿಕಾರಿಯೊಬ್ಬರು ಶಂಖ ಊದುವುದರಿಂದಾಗುವ ಆರೋಗ್ಯ ಲಾಭಗಳನ್ನು ವಿವರಿಸಿ, ಊದಿಯೂ ತೋರಿಸಿದರು. ಕೇಳದವರ ಕಿವಿಗೂ ಬೀಳುವಂಥ ಮಂಡನೆ ಆ ಅಧಿವೇಶನದಲ್ಲಿ ಅದೊಂದೇ ಇದ್ದಿರಬೇಕು. ಅದೇ ಹೊತ್ತಿಗೆ ನೊಬೆಲ್ ವಿಜ್ಞಾನಿ ವೆಂಕಿ ರಾಮಕೃಷ್ಣನ್, ತಾವು ಹಿಂದೊಮ್ಮೆ ಒಂದು ದಿನ ಈ ಕಾಂಗ್ರೆಸ್ಸಿಗೆ ಹೋಗಿದ್ದಾಗಿಯೂ ಅದೊಂದು ಸರ್ಕಸ್ಸಿನಂತಿತ್ತೆಂದೂ ಇನ್ನು ಹೋಗುವುದಿಲ್ಲವೆಂದೂ ಹೇಳಿದರು. ಸರ್ಕಸ್ಸಿನವರಿಗೆ ನೋವಾಗಿರಬೇಕು. ಅಲ್ಲಿ ಜನ ದುಡ್ಡು ಕೊಟ್ಟು ಒಳಗೆ ಬರುತ್ತಾರೆ, ಕೊನೆಯವರೆಗೂ ಕೂರುತ್ತಾರೆ. ವಿಜ್ಞಾನ ಕಾಂಗ್ರೆಸ್ 2024ರ ಜನವರಿಯಲ್ಲಿ ನಡೆಯಲೇ ಇಲ್ಲ.

ಹೊರಗಿನವರೇನು ಕಮ್ಮಿಯಿಲ್ಲ. 2005ರಲ್ಲಿ ಎಂಐಟಿಯ ಮೂವರು ವಿದ್ಯಾರ್ಥಿಗಳು ಅರ್ಥವಿಲ್ಲದ ಕಂಪ್ಯೂಟರ್ ವಿಜ್ಞಾನ ಪ್ರಬಂಧಗಳನ್ನು ತಾನೇ ಹೊಸೆಯುವ ಒಂದು ಪ್ರೋಗ್ರಾಂ ಬರೆದರು. ಅದು ಹೊಸೆದ ಒಂದು ಪ್ರಬಂಧ ಅಮೆರಿಕದ ಆರ್ಲಾಂಡೊದಲ್ಲಿ ನಡೆಯಲಿದ್ದ ಸಮ್ಮೇಳನಕ್ಕೆ ಅಂಗೀಕಾರವೂ ಆಯಿತು. ಗುಟ್ಟು ಹೊರಬಿದ್ದ ಮೇಲೆ ಆಹ್ವಾನ ರದ್ದಾಯಿತು. ಹುಡುಗರು ಬಿಡಲಿಲ್ಲ, ಅದೇ ಹೋಟೆಲಿನಲ್ಲಿ ಕೋಣೆ ಹಿಡಿದು ತಮ್ಮದೇ ಗೋಷ್ಠಿ ನಡೆಸಿದರು. ನಮ್ಮ ನೆರೆಯ ಹೈದರಾಬಾದಿನ ಓಮಿಕ್ಸ್ ಸಂಸ್ಥೆ ಸಮ್ಮೇಳನಗಳನ್ನೇ ಉದ್ಯಮ ಮಾಡಿಕೊಂಡಿತು. ಒಪ್ಪಿಗೆಯೇ ಕೊಡದ ವಿಜ್ಞಾನಿಗಳ ಹೆಸರು ಹಾಕಿ ಜನ ಸೇರಿಸುತ್ತದೆಂದು ಅಮೆರಿಕದ ವ್ಯಾಪಾರ ಆಯೋಗ 2016ರಲ್ಲಿ ಮೊಕದ್ದಮೆ ಹೂಡಿತು. 2019ರಲ್ಲಿ ನ್ಯಾಯಾಲಯ 5 ಕೋಟಿ ಡಾಲರಿಗೂ ಹೆಚ್ಚು ಕಟ್ಟುವಂತೆ ಆದೇಶಿಸಿತು. ಈಗ ಪ್ರಬಂಧ ಹೊಸೆಯಲು ಎಂಐಟಿಯೂ ಬೇಕಿಲ್ಲ, ಬಸ್ಸಿನಲ್ಲಿ ಬರುವಾಗ ಮೊಬೈಲಿನಲ್ಲೇ ಆಗುತ್ತದೆ. ಯಂತ್ರ ಬರೆದದ್ದನ್ನು ಯಾರೂ ಕೇಳದಿದ್ದರೆ ಯಂತ್ರಕ್ಕಂತೂ ಬೇಜಾರಿಲ್ಲ.

ಒಂದು ಕಾಲಕ್ಕೆ ನಮ್ಮ ವಿಶ್ವವಿದ್ಯಾಲಯಗಳು ಕೇಳುವವರನ್ನು ಹುಡುಕಿಕೊಂಡು ಹೋಗುತ್ತಿದ್ದವು. ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸಗಳು ತಾಲ್ಲೂಕು, ಹೋಬಳಿಗಳಲ್ಲಿ ನಡೆದು, ಪ್ರಸಾರಾಂಗದಿಂದ ಅಂಗಿ ಜೇಬಿಗೆ ಹಿಡಿಯುವ ಅಗ್ಗದ ಪುಸ್ತಿಕೆಗಳಾದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಅಂಥದೇ ಉಪನ್ಯಾಸ ಗ್ರಂಥಮಾಲೆ ತಂದಿತು. ಹಳೆ ಪುಸ್ತಕದಂಗಡಿಗಳಲ್ಲಿ ಅವು ಇನ್ನೂ ಸಿಗುತ್ತವೆ. ಸಾಲುಗಳ ಕೆಳಗೆ ಪೆನ್ಸಿಲ್ ಗೆರೆಯೂ ಇರುತ್ತದೆ. ಸಿ.ವಿ. ರಾಮನ್ ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ಪ್ರತಿ ಅಕ್ಟೋಬರ್ 2ರಂದು ಗಾಂಧಿ ಸ್ಮಾರಕ ಉಪನ್ಯಾಸ ಕೊಡುತ್ತಿದ್ದರು. 1970ರಲ್ಲಿ, ತೀರಿಕೊಳ್ಳುವುದಕ್ಕೆ ಏಳು ವಾರ ಮೊದಲು, ಅವರು ಕೊಟ್ಟ ಕೊನೆಯ ಉಪನ್ಯಾಸ ಕಿವಿ ಹೇಗೆ ಕೇಳಿಸಿಕೊಳ್ಳುತ್ತದೆ ಎಂಬುದರ ಬಗ್ಗೆ. ಈಗಿನ ದರಪಟ್ಟಿಯಲ್ಲಿ ಆ ಮಾತಿಗೆ 2 ಅಂಕ ಬರುತ್ತಿತ್ತು. ಜಿಯೋಟ್ಯಾಗ್ ಇಲ್ಲದ್ದರಿಂದ ಅದೂ ಅನುಮಾನ.

ದತ್ತಿ ಉಪನ್ಯಾಸಗಳ ಗತಿ ಸ್ವಲ್ಪ ವಾಸಿ, ಅಲ್ಲಿ ದಾನಿಯ ಮನೆಯವರಾದರೂ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಎಂದೋ ಇಟ್ಟ ಠೇವಣಿಯ ಬಡ್ಡಿ ಇಂದು ಕಾಫಿಗೂ ಸಾಲದು. ಹಾಗಾಗಿ ಒಂದೇ ಸಂಜೆಗೆ ಮೂರು ದತ್ತಿ ಸೇರಿಸಿ, ಒಬ್ಬರೇ ಭಾಷಣಕಾರರಿಂದ ದಾಸಸಾಹಿತ್ಯ, ಸಹಕಾರ ಚಳವಳಿ, ಮಧುಮೇಹ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಸುತ್ತಾರೆ. ಇಂಥ ಬಹುಶಿಸ್ತೀಯ ಅಧ್ಯಯನ ಯಾವ ವಿಶ್ವವಿದ್ಯಾಲಯದಲ್ಲೂ ಆಗಿಲ್ಲ.

ಇಷ್ಟೆಲ್ಲ ಆದಮೇಲೆ ಯುಜಿಸಿಗೆ ನನ್ನದೊಂದು ಕರಡು ತಿದ್ದುಪಡಿ. ಗೋಷ್ಠಿಯೊಂದರಲ್ಲಿ ಮೊಬೈಲ್ ತೆಗೆಯದೆ ಪೂರ್ತಿ ಕೂತವರಿಗೆ 3 ಅಂಕ. ಮಂಡಿಸಿದ ಪ್ರಬಂಧಕ್ಕೆ ಸಂಬಂಧಪಟ್ಟ ಪ್ರಶ್ನೆ ಕೇಳಿದವರಿಗೆ 5. ಎದ್ದು ನಿಂತು ‘ನನಗೆ ಅರ್ಥವಾಗಲಿಲ್ಲ’ ಎಂದವರಿಗೆ ವಿದೇಶದ ದರ, ಪೂರಾ 7. ‘ಇದು ಪ್ರಶ್ನೆಯಲ್ಲ, ನನ್ನದೊಂದು ಅನಿಸಿಕೆ’ ಎಂದು ಆರಂಭಿಸಿದವರ ಸೇವಾ ಪುಸ್ತಕದಿಂದ 10 ಅಂಕ ಕಡಿತ. ಉದ್ಘಾಟಿಸಿದ ಮೇಲೆ ‘ಅನ್ಯ ಕಾರ್ಯ ನಿಮಿತ್ತ’ ಹೊರಡದೆ, ಕೆಳಗಿಳಿದು, ಸಂಜೆಯ ಹನ್ನೆರಡನೇ ಪ್ರಬಂಧದವರೆಗೂ ಕೂತು ಕೇಳಿದ ಕುಲಪತಿಗಳಿಗೆ ಎರಡು ವಿಶೇಷ ವೇತನ ಬಡ್ತಿ. ಹಣಕಾಸು ಇಲಾಖೆ ಈ ಕೊನೆಯ ಕಲಮಿಗೆ ತಕರಾರು ಮಾಡಲಾರದು. ಅದರಿಂದ ಬೊಕ್ಕಸಕ್ಕೆ ಒಂದು ರೂಪಾಯಿಯೂ ಹೊರೆಯಾಗುವುದಿಲ್ಲ.